‘ಆಯ್ತಲ್ವಾ ಸರ್?’ ಅಂತ ಮಾತ್ರ ಕೇಳಬೇಡಿ

ಎಎಂಇ, ಅಂದ್ರೆ ವಿಮಾನ ರಿಪೇರಿ-ನಿರ್ವಹಣೆಯ ಎಂಜಿನಿಯರಿಂಗ್ ಕೋರ್ಸ್, ಮುಗಿಸಿದ್ದೀರಿ, ಇಂಗ್ಲಿಷ್ ಸರಾಗವಾಗಿ ಬರಲ್ಲ, ವಿಮಾನ ರಿಪೇರಿ ಮಾಡೋ ಹ್ಯಾಂಗರ್‌ನಲ್ಲಿ ಒದ್ದಾಡಬೇಕಾಗುತ್ತಾ, ಮನುಷ್ಯರು ಯಾಕೆ ತಪ್ಪು ಮಾಡ್ತಾರೆ ಅನ್ನೋ ಆ ಹ್ಯೂಮನ್ ಫ್ಯಾಕ್ಟರ್ಸ್ ಪೇಪರ್ ಬರೀ ಪಾಸಾಗೋಕಾ ಅಂತ ಕೇಳಿದ್ದೀರಿ. ನಾನು ಈ ಕೆಲಸಕ್ಕೆ ಸೇರಿ 11 ವರ್ಷ ಆಯ್ತು. ಇಂಗ್ಲಿಷ್ ಬಗ್ಗೆ ಅಷ್ಟು ತಲೆ ಕೆಡಿಸಿಕೊಳ್ಳಬೇಡಿ. ಮ್ಯಾನ್ಯುಯಲ್ ಓದಿ ಅರ್ಥ ಮಾಡ್ಕೊಳ್ಳೋಷ್ಟು, ಮಾಡಿದ ಕೆಲಸ ಬರೆಯೋಷ್ಟು ಬೇಕೇ ಬೇಕು. ಮ್ಯಾನ್ಯುಯಲ್ ಭಾಷೆಯನ್ನ ಬೇಕಂತಲೇ ಸರಳ ಮಾಡಿರ್ತಾರೆ, ಚಿಕ್ಕ ಚಿಕ್ಕ ವಾಕ್ಯ. ನಮ್ಮನ್ನ ಕೆಡಿಸೋದು ಬೇರೆ: ಬಾಯಲ್ಲೇ ಕೂತಿರೋ ‘ಅಲ್ವಾ’.

ನನ್ನ ಎರಡನೇ ವರ್ಷ, ನೈಟ್ ಶಿಫ್ಟ್, ಚಕ್ರ ಬದಲಾಯಿಸ್ತಿದ್ವಿ. ಚಕ್ರ ತಿರುಗಿಸ್ತಾ ಆಕ್ಸಲ್ ನಟ್ ಬಿಗಿ ಮಾಡಿ, ಸಡಿಲ ಬಿಟ್ಟು, ಮತ್ತೆ ಹೇಳಿದ ಟಾರ್ಕ್‌ಗೆ, ಅಂದ್ರೆ ಹೇಳಿದಷ್ಟೇ ಬಿಗಿತಕ್ಕೆ, ತರಬೇಕು. ಮಧ್ಯದಲ್ಲಿ ಸೀನಿಯರ್‌ಗೆ ಫೋನ್ ಬಂತು. ನಾನು ನಟ್ ಸಡಿಲವಾಗದಂತೆ ಹಿಡಿಯೋ ಲಾಕ್ ಬೋಲ್ಟ್ ತರೋಕೆ ಹೋಗಿದ್ದೆ. ವಾಪಸ್ ಬಂದು “ಸರ್, ಟಾರ್ಕ್ ಆಯ್ತಲ್ವಾ?” ಅಂದೆ. ಕಿವಿಯಲ್ಲಿ ಫೋನ್ ಇಟ್ಕೊಂಡೇ “ಹೂಂ” ಅಂದ್ರು. ಆ ಹೂಂ ನನಗಲ್ಲ, ಫೋನಿನಲ್ಲಿದ್ದವರಿಗೆ. ನಾನು ಲಾಕ್ ಮಾಡಿ ಹಬ್‌ಕ್ಯಾಪ್ ಹಾಕಿಬಿಟ್ಟೆ. ಸಹಿ ಹಾಕೋ ಹೊತ್ತಿಗೆ ಅವರು ಕೇಳಿದ್ರು: “ಎರಡನೇ ಟಾರ್ಕ್ ನೀನು ಮಾಡಿದ್ಯಲ್ವಾ?”

ಇಬ್ಬರದ್ದೂ ಅದೇ ಅಲ್ವಾ! ಎಲ್ಲಾ ಬಿಚ್ಚಿ ಮತ್ತೆ ಮಾಡಿದ್ವಿ. ಬೈಗುಳ ನನ್ನ ಪಾಲಿಗೆ ಬಂತು, ಅದಿರಲಿ. ಆವತ್ತು ನಾನು ಹೇಳಬೇಕಿದ್ದದ್ದು, “ಸರ್, ಎರಡನೇ ಟಾರ್ಕ್ ನಾನು ನೋಡಿಲ್ಲ. ವ್ರೆಂಚ್ ಎಷ್ಟಕ್ಕೆ ಇಟ್ರಿ?” ಇದಕ್ಕೆ ಹೂಂ ಅನ್ನೋಕಾಗಲ್ಲ, ನಂಬರ್ ಹೇಳಲೇಬೇಕು.

ದೊಡ್ಡವರ ಮುಂದೆ ಅನುಮಾನವನ್ನ ಪ್ರಶ್ನೆ ಮಾಡಿ ಒಪ್ಪಿಸೋದು ನಮ್ಮವರ ಕಾಯಿಲೆ ಮಾತ್ರ ಅಲ್ಲ. 1977ರ ಮಾರ್ಚ್ 27, ಸ್ಪೇನ್‌ನ ಟೆನೆರಿಫ್ ದ್ವೀಪ, ದಟ್ಟ ಮಂಜು. ಕೆಎಲ್‌ಎಂ ಬೋಯಿಂಗ್ 747 ಟೇಕಾಫ್‌ಗೆ ಓಡ್ತಿದೆ. ಪ್ಯಾನ್ ಆ್ಯಮ್ ವಿಮಾನ ಇನ್ನೂ ರನ್‌ವೇ ಬಿಟ್ಟಿಲ್ವಾ ಅಂತ ಫ್ಲೈಟ್ ಎಂಜಿನಿಯರ್ ಕೇಳಿದ. ಬಿಟ್ಟಿದೆ ಅಂತ ಕ್ಯಾಪ್ಟನ್ ಖಡಾಖಂಡಿತವಾಗಿ ಹೇಳಿದ. ಎಂಜಿನಿಯರ್ ಸುಮ್ಮನಾದ. ಎರಡೂ ವಿಮಾನ ಡಿಕ್ಕಿಯಾಗಿ 583 ಜನ ಸತ್ತರು. ರೇಡಿಯೋದಲ್ಲಿ ಇಬ್ಬರ ಮಾತು ಒಂದರ ಮೇಲೊಂದು ಬಿದ್ದದ್ದೂ ಸೇರಿ ಕಾರಣ ಹಲವು, ಆದ್ರೆ ನನಗೆ ಆ ಪ್ರಶ್ನೆಯೇ ಕಿವಿಯಲ್ಲಿ ಉಳಿದಿದೆ.

ಪೇಪರ್ ವಿಷಯ: ಕೆಲಸದಲ್ಲಿ ತಪ್ಪಾಗೋಕೆ ‘ಡರ್ಟಿ ಡಜನ್’ ಅಂತ ಪಟ್ಟಿ ಮಾಡಿರೋ 12 ಕಾರಣ ಬಾಯಿಪಾಠ ಮಾಡಿದ್ರೆ ಪಾಸಾಗ್ತೀರಿ. ಆದ್ರೆ ಮುಂದಿನ ಶಿಫ್ಟಿಗೆ ಕೆಲಸ ಒಪ್ಪಿಸೋ ಶಿಫ್ಟ್ ಹ್ಯಾಂಡೋವರ್ ಪಾಠ ಮಾತ್ರ ಕೂತು ಓದಿ. 1991ರ ಸೆಪ್ಟೆಂಬರ್ 11ರಂದು ಟೆಕ್ಸಾಸ್‌ನ ಈಗಲ್ ಲೇಕ್ ಬಳಿ ಕಾಂಟಿನೆಂಟಲ್ ಎಕ್ಸ್‌ಪ್ರೆಸ್‌ನ ಎಂಬ್ರೇಯರ್ 120 ಬಿತ್ತು, ಒಳಗಿದ್ದ 14 ಜನರೂ ಹೋದರು. ಹಿಂದಿನ ರಾತ್ರಿ ಬಾಲದ ಅಡ್ಡರೆಕ್ಕೆಯ ಎಡಗಡೆ, ಮೇಲಿನ ಸಾಲಿನ 47 ಸ್ಕ್ರೂ ಬಿಚ್ಚಿದ್ದರು. ಶಿಫ್ಟ್ ಬದಲಾಯ್ತು, ಬಿಚ್ಚಿದ ಸುದ್ದಿ ಹೊಸಬರಿಗೆ ಮುಟ್ಟಲೇ ಇಲ್ಲ. ಅಷ್ಟೆತ್ತರದ ಬಾಲದ ಮೇಲ್ಭಾಗ ನೆಲದಿಂದ ಕಾಣೋದೂ ಇಲ್ಲ. ಬೆಳಗ್ಗೆ ಹೋಗುವಾಗ ಏನೂ ಆಗಲಿಲ್ಲ, ವಾಪಸ್ ಬರುವಾಗ ಆ ಅಡ್ಡರೆಕ್ಕೆಯ ಮುಂದಿನ ಅಂಚು ಕಿತ್ತುಬಂತು.

‘ಕೆಲಸ ನಡೀತಿದೆ’ ಅಂತಷ್ಟೇ ಗೀಚಿ ಮನೆಗೆ ಹೋಗೋರನ್ನ ಕಂಡ್ರೆ ನನಗೆ ಈಗಲೂ ಮೈ ಉರಿಯುತ್ತೆ. ಎಡಗಡೆ ಪ್ಯಾನೆಲ್, 18 ಸ್ಕ್ರೂ ಬಿಚ್ಚಿದೆ, ಹಾಕಿಲ್ಲ, ಚೀಲ ಟ್ರಾಲಿಯ ಎರಡನೇ ಡ್ರಾಯರ್‌ನಲ್ಲಿದೆ ಅಂತ ಬರೀರಿ. ಇಷ್ಟಕ್ಕೆ ಬೇಕಾದ ಇಂಗ್ಲಿಷ್ ನಿಮಗೆ ಈಗಾಗಲೇ ಬರುತ್ತೆ. ವ್ಯಾಕರಣ ತಪ್ಪಿದ್ರೆ ಬೆಳಗಿನ ಶಿಫ್ಟಿನವರು ಯಾರೂ ತಿದ್ದೋಕೆ ಬರಲ್ಲ.