ಆಂಪ್‌ನಿಂದ ಮೆಮೊರಿ ಕಾರ್ಡಿಗೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಗಿಟಾರ್ ಆಂಪ್‌ನ (ಆಂಪ್ಲಿಫೈಯರ್‌ನ) ಲೈನ್ ಔಟ್‌ಗೆ, ಅಂದರೆ ಬೇರೆ ಯಂತ್ರಕ್ಕೆ ಸಿಗ್ನಲ್ ಕೊಡುವ ಜ್ಯಾಕಿಗೆ, ಸಣ್ಣ ರೆಕಾರ್ಡರ್ ಜೋಡಿಸಿ ಪೂರ್ತಿ ಅಭ್ಯಾಸವನ್ನು ರೆಕಾರ್ಡ್ ಮಾಡಿಕೊಳ್ಳುತ್ತಿದ್ದೆವು. ಕೊನೆಯ ಹಾಡಿನ ಹೊತ್ತಿಗೆ ಸೆಲ್ ಮುಗಿದು ರೆಕಾರ್ಡರ್ ಆರಿಹೋಯಿತು. ಕಾರ್ಡಿನಲ್ಲಿ ಫೈಲ್ ಇದೆ, ಆದರೆ ಅವಧಿ 0 ಸೆಕೆಂಡ್ ಎಂದು ತೋರಿಸುತ್ತಿದೆ. ವಾಪಸ್ ಸಿಗುತ್ತದೆಯೇ? (ಮಂಗಳೂರು)

ಉತ್ತರ: ಬಹುಪಾಲು ಸಿಗುತ್ತದೆ, ಆ ಕಾರ್ಡಿಗೆ ಇನ್ನೇನೂ ಬರೆಯದಿದ್ದರೆ. ಈಗಲೇ ಕಾರ್ಡನ್ನು ಹೊರಗೆ ತೆಗೆದು, ಎಡಬದಿಯ ಪುಟ್ಟ ಲಾಕ್ ಗುಂಡಿಯನ್ನು ಕೆಳಕ್ಕೆ ಸರಿಸಿಡಿ. ಮೈಕ್ರೋ ಎಸ್‌ಡಿ ಆದರೆ ಈ ಗುಂಡಿ ಅಡಾಪ್ಟರಿನ ಮೇಲಿರುತ್ತದೆ. ಕಂಪ್ಯೂಟರ್ ‘ಫಾರ್ಮ್ಯಾಟ್ ಮಾಡಲೇ?’, ‘ದೋಷ ಸರಿಪಡಿಸಲೇ?’ ಎಂದು ಕೇಳಿದರೆ ಎರಡಕ್ಕೂ ಬೇಡ ಎನ್ನಿ.

ಆದದ್ದು ಇಷ್ಟು. ರೆಕಾರ್ಡರ್ ಬರೆಯುವ ವೇವ್ (.wav) ಫೈಲಿನ ತಲೆಯಲ್ಲಿ ಸಾಮಾನ್ಯವಾಗಿ 44 ಬೈಟ್‌ಗಳ ಒಂದು ಹೆಡರ್ ಇರುತ್ತದೆ. ‘ಮುಂದೆ ಇಷ್ಟು ಉದ್ದದ ಧ್ವನಿ ಇದೆ’ ಎಂಬ ಲೆಕ್ಕ ಅದರಲ್ಲೇ ಇರಬೇಕು. ರೆಕಾರ್ಡಿಂಗ್ ನಡೆಯುವಾಗ ಆ ಉದ್ದ ಯಾರಿಗೂ ಗೊತ್ತಿರುವುದಿಲ್ಲವಾದ್ದರಿಂದ ಅನೇಕ ರೆಕಾರ್ಡರ್‌ಗಳು ನೀವು ಸ್ಟಾಪ್ ಒತ್ತಿದ ಮೇಲಷ್ಟೇ ಅದನ್ನು ತುಂಬುತ್ತವೆ. ಕಾರ್ಡಿನ ಫೈಲ್ ಪಟ್ಟಿಯಲ್ಲಿ ಗಾತ್ರ ನಮೂದಾಗುವುದೂ ಎಷ್ಟೋ ಸಲ ಆಗಲೇ. ಸೆಲ್ ನಡುವೆ ಸತ್ತರೆ ಧ್ವನಿ ಬಹುಪಾಲು ಕಾರ್ಡಿನಲ್ಲೇ ಉಳಿದಿರುತ್ತದೆ, ಲೆಕ್ಕ ಮಾತ್ರ ಬರೆದಿರುವುದಿಲ್ಲ.

ಫೈಲಿನ ಗಾತ್ರ ನೂರಾರು ಎಂಬಿ ಇದ್ದು ಅವಧಿ ಮಾತ್ರ ಸೊನ್ನೆ ಇದ್ದರೆ ಕೆಲಸ ಸುಲಭ. ಫೈಲನ್ನು ಕಂಪ್ಯೂಟರಿಗೆ ನಕಲಿಸಿ, ಉಚಿತವಾಗಿ ಸಿಗುವ ಆಡಾಸಿಟಿ ಎಂಬ ಧ್ವನಿ ಸಂಪಾದನೆಯ ತಂತ್ರಾಂಶದಲ್ಲಿ ಇಂಪೋರ್ಟ್ ಮೆನುವಿನ ‘ರಾ ಡೇಟಾ’ (ಹೆಡರ್ ನೋಡದೆ ಬೈಟ್‌ಗಳನ್ನೇ ಧ್ವನಿಯಾಗಿ ಓದುವ ಆಯ್ಕೆ) ಆರಿಸಿ. 16 ಬಿಟ್ ಸೈನ್ಡ್ ಪಿಸಿಎಂ, ಲಿಟಲ್ ಎಂಡಿಯನ್, ಸ್ಟೀರಿಯೊ, 44100 ಹರ್ಟ್ಸ್, ಸ್ಟಾರ್ಟ್ ಆಫ್‌ಸೆಟ್ (ಓದು ಶುರುವಾಗುವ ಬೈಟ್) 44 ಎಂದು ಕೊಡಿ. 24 ಬಿಟ್‌ನಲ್ಲಿ ರೆಕಾರ್ಡ್ ಮಾಡಿದ್ದರೆ ಅದನ್ನೇ ಹೇಳಬೇಕು. ಶುದ್ಧ ‘ಸ್ಸ್ಸ್’ ಗದ್ದಲ ಕೇಳಿದರೆ ಹೆದರಬೇಡಿ: 24 ಬಿಟ್‌ನ ಒಂದೊಂದು ಸ್ಯಾಂಪಲ್‌ಗೂ (ಧ್ವನಿಯ ಒಂದೊಂದು ಅಳತೆಗೂ) 3 ಬೈಟ್, ಓದುವ ಜಾಗ ಒಂದು ಬೈಟ್ ತಪ್ಪಿದರೂ ಸಂಗೀತ ಗದ್ದಲವಾಗುತ್ತದೆ. ಆಫ್‌ಸೆಟ್ 45, ಆಮೇಲೆ 46 ಕೊಟ್ಟು ನೋಡಿ, ಮೂರರಲ್ಲಿ ಒಂದು ಕೂಡಿಬರುತ್ತದೆ. ಎಡ ಬಲ ಅದಲುಬದಲಾಗಿದ್ದರೆ ಇನ್ನೂ 3 ಸೇರಿಸಿ. ನುಡಿಸಿದ್ದಕ್ಕಿಂತ ಶ್ರುತಿ ಇಳಿದು, ಬಿಡಿ ಇ ತಂತಿ ಡಿ ಮತ್ತು ಡಿ ಶಾರ್ಪ್ ನಡುವೆ ಎಲ್ಲೋ ಕೇಳುತ್ತಿದ್ದರೆ, ನೀವು 48000ದಲ್ಲಿ ರೆಕಾರ್ಡ್ ಮಾಡಿ 44100ರಲ್ಲಿ ತೆರೆದಿದ್ದೀರಿ ಎಂದರ್ಥ. ಹೆಡರ್ 44ಕ್ಕಿಂತ ದೊಡ್ಡದಿದ್ದರೆ ಆರಂಭದಲ್ಲಿ ಒಂದು ‘ಟಕ್’ ಬರುತ್ತದೆ, ಅದನ್ನು ಕತ್ತರಿಸಿ ಬಿಸಾಡಿ.

ಗಾತ್ರವೇ 0 ಬೈಟ್ ಎಂದಿದ್ದರೆ ದಾರಿ ಉದ್ದ. ವಿಂಡೋಸ್‌ನಲ್ಲಿ ಓಡುವ ವಿನ್32 ಡಿಸ್ಕ್ ಇಮೇಜರ್ ಎಂಬ ತಂತ್ರಾಂಶದ ‘ರೀಡ್’ ಬಳಸಿ ಇಡೀ ಕಾರ್ಡಿನ ಪ್ರತಿಯನ್ನು ಒಂದೇ ಫೈಲಾಗಿ ಹಾರ್ಡ್ ಡಿಸ್ಕಿಗೆ ತೆಗೆದಿಟ್ಟುಕೊಳ್ಳಿ. ಅಪ್ಪಿತಪ್ಪಿಯೂ ‘ರೈಟ್’ ಒತ್ತಬೇಡಿ. ಆ ಪ್ರತಿಯನ್ನೇ (ಇಮೇಜ್) ಆಡಾಸಿಟಿಗೆ ಮೇಲಿನಂತೆ ರಾ ಡೇಟಾ ಆಗಿ ಕೊಡಬಹುದು. ಒಮ್ಮೆಗೆ ಶೇ 10ರಷ್ಟು ಮಾತ್ರ ತೆರೆಯಿರಿ, ಅದೇ ಪೆಟ್ಟಿಗೆಯಲ್ಲಿ ಆ ಆಯ್ಕೆ ಇದೆ. ಮುಂದಿನ ಭಾಗಕ್ಕೆ ಆಫ್‌ಸೆಟ್ ಹೆಚ್ಚಿಸುತ್ತಾ ಹೋಗಿ. ಗದ್ದಲದ ದಪ್ಪ ಪಟ್ಟಿಯ ನಡುವೆ ಸಂಗೀತದ ಏರಿಳಿತ ಕಣ್ಣಿಗೇ ಕಾಣುತ್ತದೆ. ಖಾಲಿ ಕಾರ್ಡಿನಲ್ಲಿ ರೆಕಾರ್ಡ್ ಮಾಡಿದ್ದರೆ ಎಲ್ಲವೂ ಒಂದೇ ಸಾಲಿನಲ್ಲಿ ಸಿಗುತ್ತದೆ. ಹಳೆಯ ಫೈಲುಗಳನ್ನು ಅಲ್ಲೊಂದು ಇಲ್ಲೊಂದು ಅಳಿಸುತ್ತಾ ಬಳಸಿದ ಕಾರ್ಡಾದರೆ ಹಾಡು ತುಂಡು ತುಂಡಾಗಿ ಚದುರಿರುತ್ತದೆ. ಆದ್ದರಿಂದಲೇ ಪ್ರತಿ ಕಾರ್ಯಕ್ರಮಕ್ಕೂ ಮೊದಲು, ಹಳೆಯದನ್ನು ನಕಲಿಸಿಕೊಂಡು, ಕಾರ್ಡನ್ನು ರೆಕಾರ್ಡರಿನಲ್ಲೇ ಫಾರ್ಮ್ಯಾಟ್ ಮಾಡಿ ಎಂದು ನಾವು ಒತ್ತಿ ಹೇಳುವುದು.

ಮುಂದಕ್ಕೆ ಎರಡು ಹಾಡುಗಳ ನಡುವೆ ಸ್ಟಾಪ್ ಒತ್ತಿ ಹೊಸ ಫೈಲ್ ಶುರುಮಾಡಿ. ಆಗ ಏನೇ ಆದರೂ ಹೋಗುವುದು ಒಂದು ಹಾಡು. ಮೆನುವಿನಲ್ಲಿ ಸೆಲ್ಲಿನ ಬಗೆ ಸರಿಯಾಗಿದೆಯೇ ನೋಡಿ: ರೀಚಾರ್ಜ್ ಸೆಲ್ 1.2 ವೋಲ್ಟ್, ಆಲ್ಕಲೈನ್ 1.5 ವೋಲ್ಟ್, ಇದು ತಪ್ಪಿದರೆ ಬ್ಯಾಟರಿ ಸೂಚಕ ಹೇಳುವುದನ್ನು ನಂಬುವಂತಿಲ್ಲ. ಗೋಡೆ ಗಡಿಯಾರಕ್ಕೆ ಹಾಕುವ ಅಗ್ಗದ ಸೆಲ್ ರೆಕಾರ್ಡರಿಗೆ ಸಾಲುವುದಿಲ್ಲ.

ಪ್ರಶ್ನೆ: ‘ಕಾರ್ಡ್ ನಿಧಾನ’ ಎಂಬ ಸಂದೇಶ ಬಂದು ರೆಕಾರ್ಡಿಂಗ್ ನಿಲ್ಲುತ್ತದೆ. ಇನ್ನೂ ವೇಗದ, 64 ಜಿಬಿ ಕಾರ್ಡ್ ಕೊಳ್ಳಬೇಕೇ? (ದಾವಣಗೆರೆ)

ಉತ್ತರ: ಹಣ ಖರ್ಚು ಮಾಡುವ ಮೊದಲು ಲೆಕ್ಕ ನೋಡಿ. 48 ಕಿಲೋಹರ್ಟ್ಸ್, 24 ಬಿಟ್, ಸ್ಟೀರಿಯೊ ರೆಕಾರ್ಡಿಂಗಿಗೆ ಸೆಕೆಂಡಿಗೆ 2,88,000 ಬೈಟ್, ಅಂದರೆ 0.3 ಎಂಬಿಯೂ ಬೇಡ. ಕ್ಲಾಸ್ 10 ಕಾರ್ಡ್ ಸೆಕೆಂಡಿಗೆ ಕನಿಷ್ಠ 10 ಎಂಬಿ ಬರೆಯಬೇಕು. ಅದರ ಮುಂದೆ ನಿಮ್ಮ ಅಗತ್ಯ ಏನೇನೂ ಅಲ್ಲ. ಹಾಗಿದ್ದೂ ಸಂದೇಶ ಬರುವುದೆಂದರೆ ಕಾರ್ಡ್ ನಡುನಡುವೆ ಕ್ಷಣಕಾಲ ಬರೆಯುವುದನ್ನೇ ನಿಲ್ಲಿಸುತ್ತಿದೆ. ಸವೆದ ಕಾರ್ಡ್, ಚದುರಿದ ಫೈಲುಗಳು, ಸಡಿಲವಾದ ಅಡಾಪ್ಟರ್, ಇಲ್ಲವೇ ನಕಲಿ ಕಾರ್ಡ್ ಇದಕ್ಕೆ ಕಾರಣ.

ನಕಲಿಯದ್ದು ದೊಡ್ಡ ಪಿಡುಗು. ಮೇಲೆ 64 ಜಿಬಿ ಎಂದು ಅಚ್ಚಾಗಿರುತ್ತದೆ, ಒಳಗೆ 8 ಜಿಬಿ ಇರುತ್ತದೆ. 8 ತುಂಬುವವರೆಗೆ ಎಲ್ಲ ಚೆನ್ನ, ಆಮೇಲೆ ಬರೆದದ್ದು ಎಲ್ಲಿಗೂ ಹೋಗುವುದಿಲ್ಲ ಅಥವಾ ಹಳೆಯದರ ಮೇಲೇ ಕೂರುತ್ತದೆ. ಕಾರ್ಡ್ ಕೊಂಡ ದಿನವೇ ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ, ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ಎಫ್3 ಓಡಿಸಿ ಪೂರ್ತಿ ತುಂಬಿಸಿ ಪರೀಕ್ಷಿಸಿ. ಗಂಟೆಗಟ್ಟಲೆ ಹಿಡಿಯಬಹುದು, ಆದರೂ ಇದನ್ನು ಬಿಡಬೇಡಿ.

ಇನ್ನು 64 ಜಿಬಿಯ ಮಾತು. 32 ಜಿಬಿವರೆಗಿನವು ಎಸ್‌ಡಿಎಚ್‌ಸಿ, ಅವುಗಳ ಫೈಲ್ ವ್ಯವಸ್ಥೆ ಫ್ಯಾಟ್32. ಅದರ ಮೇಲಿನವು ಎಸ್‌ಡಿಎಕ್ಸ್‌ಸಿ, ಅವು ಎಕ್ಸ್‌ಫ್ಯಾಟ್ ಜೊತೆ ಬರುತ್ತವೆ. ಹಳೆಯ ರೆಕಾರ್ಡರ್‌ಗಳು ಎರಡನೆಯದನ್ನು ಗುರುತಿಸುವುದೇ ಇಲ್ಲ. ಕೈಪಿಡಿಯಲ್ಲಿ 32 ಎಂದಿದ್ದರೆ 32ಕ್ಕೇ ನಿಲ್ಲಿ. ಮೇಲಿನ ದರದಲ್ಲಿ ಗಂಟೆಗೆ ಸುಮಾರು 1 ಜಿಬಿ, ಒಂದು ವಾರದ ಅಭ್ಯಾಸಕ್ಕೆ ಧಾರಾಳ. ದೀರ್ಘ ರೆಕಾರ್ಡಿಂಗ್ 2 ಜಿಬಿಗೆ ಒಂದು ಫೈಲಿನಂತೆ ತುಂಡಾಗಿದ್ದರೆ ಅದು ದೋಷವಲ್ಲ. ಕಂಪ್ಯೂಟರಿನಲ್ಲಿ ಒಂದರ ಬೆನ್ನಿಗೆ ಒಂದನ್ನು ಜೋಡಿಸಿ.

ಪ್ರಶ್ನೆ: ಇಯರ್‌ಫೋನಿನಲ್ಲಿ ಗಿಟಾರ್ ಕೇಳುತ್ತದೆ, ಸ್ವಲ್ಪ ವಿಚಿತ್ರವಾಗಿ. ಅದೇ ಫೈಲನ್ನು ಫೋನಿನ ಸ್ಪೀಕರಿನಲ್ಲಿ ಹಾಕಿದರೆ ಗಿಟಾರ್ ಮಾಯ! ಕಾರ್ಡ್ ಕೆಟ್ಟಿದೆಯೇ? (ಧಾರವಾಡ)

ಉತ್ತರ: ಕಾರ್ಡಿಗೂ ಇದಕ್ಕೂ ಸಂಬಂಧವಿಲ್ಲ, ಕೇಬಲ್ ತಪ್ಪಿದೆ. ನಿಮ್ಮ ಆಂಪ್‌ನ ಲೈನ್ ಔಟ್ ಬ್ಯಾಲೆನ್ಸ್ಡ್ ಆಗಿರಬೇಕು: ಪಿನ್ನಿನ ತುದಿಯಲ್ಲಿ ಸಿಗ್ನಲ್, ನಡುವಿನ ಉಂಗುರದಲ್ಲಿ ಅದೇ ಸಿಗ್ನಲ್ ತಲೆಕೆಳಗಾಗಿ. ಅದನ್ನು ಸ್ಟೀರಿಯೊ ಕೇಬಲ್ಲಿನಿಂದ ರೆಕಾರ್ಡರಿನ 3.5 ಎಂಎಂ ಜ್ಯಾಕಿಗೆ ಕೊಟ್ಟರೆ ಎಡಕ್ಕೆ ನೇರ, ಬಲಕ್ಕೆ ತಲೆಕೆಳಗು. ಫೋನ್ ಎರಡನ್ನೂ ಕೂಡಿಸಿ ಮೋನೊ ಮಾಡಿದಾಗ ಒಂದನ್ನೊಂದು ನುಂಗಿಹಾಕುತ್ತವೆ. ರೆಕಾರ್ಡ್ ಆಗಿರುವುದನ್ನು ಉಳಿಸಿಕೊಳ್ಳಲು ಆಡಾಸಿಟಿಯಲ್ಲಿ ಸ್ಟೀರಿಯೊ ಟ್ರ್ಯಾಕನ್ನು ಎರಡು ಮೋನೊ ಮಾಡಿ ಬಲದ್ದನ್ನು ಅಳಿಸಿ. ಮುಂದಿನ ಸಲಕ್ಕೆ ಒಂದು ಕಡೆ 6.35 ಎಂಎಂ ಮೋನೊ ಪಿನ್, ಇನ್ನೊಂದು ಕಡೆ 3.5 ಎಂಎಂ ಸ್ಟೀರಿಯೊ ಪಿನ್ ಇದ್ದು ಎರಡೂ ಚಾನೆಲ್ಲಿಗೆ ಒಂದೇ ಸಿಗ್ನಲ್ ಕೊಡುವ ಕೇಬಲ್ ತನ್ನಿ. ಆಂಪ್‌ನ ಔಟ್ ಮೋನೊ ಪಿನ್ನಿಗೆ ಒಪ್ಪುತ್ತದೆಯೇ ಎಂದು ಅದರ ಕೈಪಿಡಿಯಲ್ಲಿ ನೋಡಿಕೊಳ್ಳಿ. ರೆಕಾರ್ಡರಿನ ‘ಪ್ಲಗ್ ಇನ್ ಪವರ್’ ಆಫ್ ಇರಲಿ, ಅದು ಮೈಕಿಗೆ ವಿದ್ಯುತ್ ಕೊಡಲು ಮಾತ್ರ.

ಪ್ರಶ್ನೆ: ನಮ್ಮ ವಾಲ್ವ್ (ಟ್ಯೂಬ್) ಆಂಪ್‌ಗೆ ಲೈನ್ ಔಟ್ ಇಲ್ಲ. ಸ್ಪೀಕರ್ ಜ್ಯಾಕಿನಿಂದಲೇ ರೆಕಾರ್ಡರಿಗೆ ಕೊಡಬಹುದೇ? (ಮೈಸೂರು)

ಉತ್ತರ: ಬೇಡವೇ ಬೇಡ. 50 ವಾಟ್, 8 ಓಮ್ ಎಂದರೆ 20 ವೋಲ್ಟ್. ರೆಕಾರ್ಡರಿನ ಲೈನ್ ಇನ್ ನಿರೀಕ್ಷಿಸುವುದು ಹೆಚ್ಚೆಂದರೆ ಒಂದೆರಡು ವೋಲ್ಟ್, ಅದು ಸುಟ್ಟುಹೋಗಬಹುದು. ಅದಕ್ಕಿಂತ ದುಬಾರಿ ನಷ್ಟ ಇನ್ನೊಂದಿದೆ: ವಾಲ್ವ್ ಆಂಪ್‌ನಿಂದ ಸ್ಪೀಕರ್ ಕಿತ್ತು ನುಡಿಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರೇ ಹೋಗಬಹುದು. ಎಫೆಕ್ಟ್ಸ್ ಸೆಂಡ್ (ಎಫೆಕ್ಟ್ ಪೆಡಲ್‌ಗಳಿಗೆ ಸಿಗ್ನಲ್ ಕೊಡುವ ಜ್ಯಾಕ್) ಇದ್ದರೆ ಅಲ್ಲಿಂದ ತೆಗೆಯಬಹುದು. ಆದರೆ ಸ್ಪೀಕರಿನ ಗುಣ ಸೇರದೆ ಗರಗರ ಎನ್ನುತ್ತದೆ, ಆಮೇಲೆ ಕಂಪ್ಯೂಟರಿನಲ್ಲಿ ಸ್ಪೀಕರಿನ ಗುಣವನ್ನು ಅನುಕರಿಸುವ ಕ್ಯಾಬಿನೆಟ್ ಸಿಮ್ಯುಲೇಶನ್ ಹಾಕಬೇಕು. ಸ್ಪೀಕರಿನ ಮುಂದೆ ಮೈಕ್ ಇಡುವುದನ್ನೇ ನಾವು ಹೇಳುತ್ತೇವೆ. ಡೈನಾಮಿಕ್ ಮೈಕನ್ನು ಸ್ಪೀಕರಿನ ಮುಂದಿನ ಬಟ್ಟೆಯಿಂದ 3 ಸೆಂಟಿಮೀಟರ್ ದೂರದಲ್ಲಿ, ಕೋನಿನ ನಡುವಿನ ಉಬ್ಬಿಗೂ ಅಂಚಿಗೂ ಮಧ್ಯದಲ್ಲಿ ಇಡಿ. ನಡುವಿಗೆ ಸರಿಸಿದಷ್ಟೂ ಧ್ವನಿ ಚೂಪಾಗುತ್ತದೆ, ಅಂಚಿಗೆ ಹೋದಷ್ಟೂ ಮಂದ.

ಪ್ರಶ್ನೆ: ರೆಕಾರ್ಡರನ್ನು ಆಂಪ್ ಮುಂದಿಟ್ಟು ಅದರ ಮೈಕಿನಲ್ಲೇ ರೆಕಾರ್ಡ್ ಮಾಡಿದೆವು. ಮೀಟರ್ ಕೆಂಪಿಗೆ ಹೋಗಿಲ್ಲ, ಆದರೂ ಧ್ವನಿ ಒಡೆದಿದೆ. ಆಂಪ್‌ಗೆ ಕೇಬಲ್ಲಿನಿಂದ ಜೋಡಿಸಿದರೆ ‘ಗುಂಯ್’ ಶಬ್ದ. (ಬೆಂಗಳೂರು)

ಉತ್ತರ: ಒಡೆಯುತ್ತಿರುವುದು ಮೀಟರಿಗಿಂತ ಮೊದಲು, ರೆಕಾರ್ಡರಿನ ಒಳ ಮೈಕಿನಲ್ಲಿ. ಗೇನ್ (ರೆಕಾರ್ಡಿಂಗ್ ಮಟ್ಟ) ಇಳಿಸಿದರೆ ಒಡಕು ಸಣ್ಣದಾಗಿ ಕೇಳುತ್ತದೆಯೇ ಹೊರತು ಹೋಗುವುದಿಲ್ಲ. ಅತಿ ಜೋರಿನ ಧ್ವನಿಯನ್ನೂ ಒಡೆಯದೆ ಬರೆದುಕೊಳ್ಳುವ 32 ಬಿಟ್ ಫ್ಲೋಟ್ ಬಗೆ ಕೂಡ ಇಲ್ಲಿ ಕಾಪಾಡದು. ರೆಕಾರ್ಡರನ್ನು ಆಂಪ್‌ನಿಂದ ಎರಡು ಮೀಟರ್ ಹಿಂದಕ್ಕೆ ಒಯ್ಯಿರಿ. ಆಮೇಲೆ ಅತಿ ಜೋರಾಗಿ ಬಾರಿಸಿದಾಗ ಮೀಟರ್ ಮೈನಸ್ 12 ಡೆಸಿಬೆಲ್ ಮುಟ್ಟುವಂತೆ ಗೇನ್ ಹೊಂದಿಸಿ.

ಗುಂಯ್ ಶಬ್ದಕ್ಕೆ ಮೊದಲು ರೆಕಾರ್ಡರಿನ ಯುಎಸ್‌ಬಿ ಚಾರ್ಜರ್ ಕಿತ್ತು ಸೆಲ್ ಮೇಲೆ ಓಡಿಸಿ. ನಿಂತರೆ, ಆಂಪ್ ಮತ್ತು ಚಾರ್ಜರ್ ಎರಡರ ಮೂಲಕ ಸುತ್ತು ಹೊಡೆಯುತ್ತಿದ್ದ ಗ್ರೌಂಡ್ ಲೂಪ್ ಅದು; ಸೆಲ್ ಅಥವಾ ಪವರ್ ಬ್ಯಾಂಕ್ ಬಳಸಿದರೆ ಸಾಕು. ನಿಲ್ಲದಿದ್ದರೆ ಗಿಟಾರಿನ ಕೇಬಲ್ ಮತ್ತು ಪಿಕಪ್ ಕಡೆ ನೋಡಿ. ಕೆಲವರು ಆಂಪ್‌ನ ಪ್ಲಗ್ಗಿನ ಅರ್ಥ್ ಪಿನ್ ಮುರಿಯುತ್ತಾರೆ. 230 ವೋಲ್ಟಿನ ಯಂತ್ರಕ್ಕೆ ತಂತಿಯಿಂದ ಕಟ್ಟಿದ ಗಿಟಾರ್ ನಿಮ್ಮ ಕೈಯಲ್ಲಿರುತ್ತದೆ. ದಯವಿಟ್ಟು ಆ ಕೆಲಸ ಮಾಡಬೇಡಿ, ಈಗಾಗಲೇ ಮುರಿದಿದ್ದರೆ ಇವತ್ತೇ ಹೊಸ ಪ್ಲಗ್ ಹಾಕಿಸಿ.