ನಾನು ಬರೆಯದ ಸಾಲಿನ ಕೆಳಗೆ ನನ್ನ ಹೆಸರು

ಪ್ರಶ್ನೆ: ಪಂಪ್‌ಸೆಟ್ ತಯಾರಿಸುವ ಕಂಪನಿಯೊಂದರ ಸರ್ವಿಸ್ ವಿಭಾಗದಲ್ಲಿದ್ದೇನೆ. ಕಂಪನಿಯ ಪತ್ರಿಕೆ ಡೀಲರುಗಳಿಗೂ ರೈತರಿಗೂ ಹೋಗುತ್ತದೆ. ಅದಕ್ಕೆ ಬೋರ್‌ವೆಲ್ ಮೋಟರ್ ಯಾಕೆ ಸುಡುತ್ತದೆ ಅಂತ ಲೇಖನ ಬರೆದುಕೊಟ್ಟೆ. ಅಚ್ಚಿಗೆ ಮೊದಲು ನೋಡಿ ಅಂತ ವಾಪಸ್ ಕಳಿಸಿದ್ದಾರೆ. ಅರ್ಧಕ್ಕರ್ಧ ಕತ್ತರಿ ಬಿದ್ದಿದೆ. ‘ನಮ್ಮ ಮೋಟರ್ ಎಂಥ ವೋಲ್ಟೇಜಿಗೂ ಜಗ್ಗುವುದಿಲ್ಲ’ ಅನ್ನುವ, ನಾನು ಬರೆಯದ ಸಾಲೊಂದು ಸೇರಿದೆ. ಕೆಳಗೆ ನನ್ನ ಹೆಸರು! ಬೇಡ ಅನ್ನಬಹುದೇ? ಲೇಖನವನ್ನು ಬೇರೆ ಕೃಷಿ ಪತ್ರಿಕೆಗೆ ಕೊಡಬಹುದೇ?
– ಹೆಸರು ಬೇಡ, ತುಮಕೂರು

ಉತ್ತರ: ಕತ್ತರಿ ಬಿದ್ದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ಇಂಥ ಪತ್ರಿಕೆಯ ಸಂಪಾದಕನ ಕುರ್ಚಿಯಲ್ಲಿ ನಾನೂ ಕೂತವನೇ. ಎಂಜಿನಿಯರುಗಳ ಲೇಖನದಲ್ಲಿ ಮೊದಲ ಎರಡು ಪ್ಯಾರಾ ಬರೀ ಪೀಠಿಕೆ, ಮೋಟರ್ ಬರುವುದು ಮೂರನೆಯದರಲ್ಲಿ. ಆ ಎರಡು ಹೋದರೆ ಯಾರಿಗೂ ನಷ್ಟವಿಲ್ಲ. ಎಷ್ಟು ಮೋಟರ್ ರಿಪೇರಿಗೆ ವಾಪಸ್ ಬಂತು ಅನ್ನುವ ಲೆಕ್ಕವನ್ನೇನಾದರೂ ಹಾಕಿದ್ದಿರಾ? ಅದು ಹೋಗಿದ್ದರೆ ಸರಿಯೇ. ಕಂಪನಿಯ ಒಳಗಿನ ಲೆಕ್ಕ ಅದು.

ಆ ಒಂದು ಸಾಲಿನ ಮಾತು ಬೇರೆ. ವೋಲ್ಟೇಜ್ ಇಳಿದರೆ ಮೋಟರ್ ಜಾಸ್ತಿ ಕರೆಂಟ್ ಎಳೆಯುತ್ತದೆ, ಒಳಗಿನ ತಂತಿ ಸುರುಳಿ, ಅಂದರೆ ವೈಂಡಿಂಗ್ ಕಾಯುತ್ತದೆ. ಒಂದು ಫೇಸ್ ಹೋದರೆ ಉಳಿದೆರಡರ ಮೇಲೆ ಭಾರ ಬೀಳುತ್ತದೆ. ಇದೆಲ್ಲ ನಿಮಗೇ ಚೆನ್ನಾಗಿ ಗೊತ್ತು. ಹಾಗಿರುವಾಗ ಈ ಸಾಲು ನಿಮ್ಮ ಇಡೀ ಲೇಖನವನ್ನೇ ಸುಳ್ಳು ಮಾಡುತ್ತದೆ, ಅಲ್ವಾ? ಇದನ್ನು ನಂಬಿ, ಕರೆಂಟ್ ಜಾಸ್ತಿಯಾದಾಗ ಮೋಟರ್ ನಿಲ್ಲಿಸುವ ಸ್ಟಾರ್ಟರ್‌ನ ರಿಲೇ ಬಗ್ಗೆ ತಲೆ ಕೆಡಿಸಿಕೊಳ್ಳದ ರೈತ, ನಾಳೆ ಮೋಟರ್ ಮೇಲೆತ್ತಿಸಿದಾಗ ಬೈಯುವುದು ನಿಮ್ಮನ್ನು. ಸಂಪಾದಕರ ಹೆಸರು ಅವನಿಗೆ ಗೊತ್ತೂ ಇರುವುದಿಲ್ಲ.

ಹಾಗಂತ ಎರಡು ಪುಟದ ಸಿಟ್ಟಿನ ಮೇಲ್ ಬರೆಯಬೇಡಿ. ಇಂಥ ಸಾಲು ಬಹಳ ಸಲ ಸಂಪಾದಕರದ್ದೂ ಆಗಿರುವುದಿಲ್ಲ, ಮಾರ್ಕೆಟಿಂಗ್‌ನವರು ತುರುಕಿರುತ್ತಾರೆ. ಉಳಿದ ತಿದ್ದುಪಡಿಗಳನ್ನೆಲ್ಲ ಒಪ್ಪಿಕೊಳ್ಳಿ. ಇದೊಂದರ ಪಕ್ಕ ಗುರುತು ಹಾಕಿ, ಅದೇ ಉದ್ದದ ಬೇರೆ ಸಾಲು ಬರೆದುಕೊಡಿ: ‘ವೋಲ್ಟೇಜ್ ಇಳಿದಾಗ ತಾನೇ ಆಫ್ ಆಗುವ ಪ್ಯಾನೆಲ್ ಇದ್ದರೆ ಮೋಟರ್ ಸುಡುವ ಭಯ ಕಡಿಮೆ.’ ಪ್ಯಾನೆಲ್ ಮಾರುವವರೂ ಅವರೇ ಆಗಿದ್ದರೆ ಖುಷಿಯಿಂದ ಹಾಕುತ್ತಾರೆ. ಬರೀ ‘ಇದು ತಪ್ಪು’ ಅಂದರೆ ಸಂಪಾದಕರಿಗೆ ತಲೆನೋವು. ಸರಿಯಾದದ್ದು ಕೈಗೇ ಸಿಕ್ಕರೆ ಅವರ ಕೆಲಸ ಮುಗಿಯಿತು.

ಅದಕ್ಕೂ ಒಪ್ಪದಿದ್ದರೆ, ನನ್ನ ಹೆಸರು ತೆಗೆಯಿರಿ ಅಂತ ಬರವಣಿಗೆಯಲ್ಲೇ ಕೇಳಿ. 1957ರ ಕಾಪಿರೈಟ್ ಕಾಯ್ದೆಯ 57ನೇ ಸೆಕ್ಷನ್, ಹಕ್ಕು ಬೇರೆಯವರ ಕೈಗೆ ಹೋದ ಮೇಲೂ, ಬರಹವನ್ನು ತಿರುಚಿ ಲೇಖಕರ ಹೆಸರಿಗೆ ಕುಂದು ತರುವುದನ್ನು ತಡೆಯುತ್ತದೆ. ಆದರೆ ಪದ ಕಡಿಮೆ ಮಾಡಿದ್ದು, ಶೀರ್ಷಿಕೆ ಬದಲಿಸಿದ್ದು ಸಾಮಾನ್ಯವಾಗಿ ಇದರಡಿ ಬರುವುದಿಲ್ಲ. ಕೋರ್ಟಿನ ತನಕ ಎಳೆಯುವ ವಿಷಯವೂ ಅಲ್ಲ ಇದು. ಸೆಕ್ಷನ್ ಗೊತ್ತಿದ್ದರೆ ಕೇಳುವಾಗ ಧೈರ್ಯ ಇರುತ್ತದೆ, ಅಷ್ಟೇ.

ಬೇರೆ ಪತ್ರಿಕೆಗೆ ಕೊಡುವ ಮೊದಲು ನಿಮ್ಮ ನೇಮಕಾತಿ ಪತ್ರ ತೆಗೆದು ನೋಡಿ. ಅದೇ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ನೌಕರಿಯ ಕೆಲಸದ ಭಾಗವಾಗಿ ಬರೆದದ್ದರ ಮೊದಲ ಹಕ್ಕು ಕಂಪನಿಯದು, ಬೇರೆ ಒಪ್ಪಂದ ಇಲ್ಲದಿದ್ದರೆ. ಲೇಖನ ಬರೆಯುವುದು ಸರ್ವಿಸ್ ಎಂಜಿನಿಯರ್ ಕೆಲಸವಲ್ಲ ಅಂತ ನೀವು ವಾದ ಮಾಡಬಹುದು. ಆದರೆ ಹಲವು ನೇಮಕಾತಿ ಪತ್ರಗಳಲ್ಲಿ ‘ಏನೇ ಬರೆದರೂ ಕಂಪನಿಯದು’ ಅನ್ನುವ ಷರತ್ತು ಇರುತ್ತದೆ. ಸುಮ್ನೆ ಯಾಕೆ ರಗಳೆ? ಒಂದು ಮೇಲ್ ಹಾಕಿ ಅನುಮತಿ ಪಡೆಯಿರಿ.

ಕೊಡಲಿಲ್ಲ ಅನ್ನಿ. ಆಗ ಆ ಲೇಖನವನ್ನು ಬದಿಗಿಟ್ಟು, ಅದೇ ವಿಷಯದ ಮೇಲೆ ಹೊಸದಾಗಿ ಬರೆಯಿರಿ. ಕಾಪಿರೈಟ್ ಇರುವುದು ಬರೆದ ರೀತಿಗೆ, ವಿಷಯಕ್ಕಲ್ಲ. ವೋಲ್ಟೇಜ್ ಇಳಿದರೆ ಮೋಟರ್ ಕಾಯುತ್ತದೆ ಅನ್ನುವುದು ಯಾವ ಕಂಪನಿಯ ಸ್ವತ್ತೂ ಅಲ್ಲ. ಗ್ರಾಹಕರ ವಿವರ, ಕಂಪನಿಯ ಡ್ರಾಯಿಂಗ್ ಮಾತ್ರ ಅದರಲ್ಲಿ ಬಾರದಿರಲಿ. ಕೆಲಸದ ಒಪ್ಪಂದದಲ್ಲಿ ಹೊರಗಿನ ಬರವಣಿಗೆಯನ್ನೇ ನಿಷೇಧಿಸಿದ್ದರೆ, ಪಕ್ಕದ ವಕೀಲರಿಗೆ ಆ ಪುಟ ತೋರಿಸಿಯೇ ಮುಂದುವರಿಯಿರಿ.