ಪುಣೆಯಲ್ಲಿ ಕೂತು ಮಂಡ್ಯದ ತಾತನ ಸಂದರ್ಶನ ಶೂಟ್ ಮಾಡಿಸುವುದು ಹೇಗೆ?

ಮಂಡ್ಯ ಪಕ್ಕದ ಹಳ್ಳಿಯಲ್ಲಿ ಆಲೆಮನೆ ನಡೆಸುವ ತಾತನನ್ನು ನೀವು ಪುಣೆಯಿಂದಲೇ ವಿಡಿಯೊ ಕಾಲ್‌ನಲ್ಲಿ ಮಾತಾಡಿಸಬೇಕು, ಮೈಸೂರಿನವರು ಶೂಟ್ ಮಾಡಿಕೊಡಬೇಕು, ಅಲ್ಲವೇ? ಧಾರಾಳವಾಗಿ ಆಗುತ್ತದೆ. ಆದರೆ ಯಾವ ಕ್ಯಾಮೆರಾ ಇದೆ ಅಂತ ಕೇಳುವ ಮೊದಲು ಆಡಿಯೊ ಹೇಗೆ ತೆಗೆಯುತ್ತೀರಿ ಅಂತ ಕೇಳಿ. ಮೈಸೂರಲ್ಲಿ ಸುಲಭವಾಗಿ ಸಿಗುವವರು ಮದುವೆ ಶೂಟ್ ಮಾಡುವವರು. ಗಿಂಬಲ್ (ಕ್ಯಾಮೆರಾ ಅಲುಗದಂತೆ ಹಿಡಿಯುವ ಸಾಧನ), ಡ್ರೋನ್ ಎಲ್ಲ ಸೊಗಸಾಗಿ ಆಡಿಸುತ್ತಾರೆ. ಮದುವೆ ವಿಡಿಯೊಗೆ ಕೊನೆಗೆ ಹಾಡು ಕೂರಿಸುವುದರಿಂದ ಮಾತಿನ ಗೋಜು ಅವರಿಗಿಲ್ಲ. ಕಾಲರ್ ಮೈಕ್ ಹಾಕಿ, ಹೆಡ್‌ಫೋನ್‌ನಲ್ಲಿ ಕೇಳುತ್ತಾ ಕೂರಲು ಬೇರೆಯೇ ಒಬ್ಬರು ಬೇಕು ಅಂತ ಮಾತಾಡಿಕೊಳ್ಳಿ. ಸ್ಯಾಂಪಲ್ ಕೇಳುವಾಗ ಹಾಡಿಲ್ಲದ, ಎಡಿಟ್ ಮಾಡದ ಎರಡು ನಿಮಿಷದ ಮಾತು ಕಳಿಸಿ ಅನ್ನಿ. ದಸರಾ, ಮದುವೆ ಸೀಸನ್‌ನಲ್ಲಾದರೆ ಬೇಗ ಬುಕ್ ಮಾಡಿ.

ವಿಡಿಯೊ ಕಾಲ್ ಇರುವುದು ಮಾತಾಡುವುದಕ್ಕಷ್ಟೇ. ಅಸಲು ಚಿತ್ರ, ಧ್ವನಿ ಅಲ್ಲೇ ಮೆಮೊರಿ ಕಾರ್ಡ್‌ಗೆ ಬೀಳಬೇಕು. ನೆಟ್ ಹೋದರೂ ರೆಕಾರ್ಡಿಂಗ್ ನಿಲ್ಲಬಾರದು. ಕಾಲ್ ನಡೆಯುವ ಲ್ಯಾಪ್‌ಟಾಪನ್ನು ಲೆನ್ಸ್‌ಗೆ ಒತ್ತಿಕೊಂಡಂತೆ, ತಾತನ ಕಣ್ಣಿನ ಎತ್ತರಕ್ಕೆ ಇಡಿಸಿ. ತಗ್ಗಿನ ಟೀಪಾಯಿ ಮೇಲಿಟ್ಟರೆ ಕೊನೆತನಕ ತಲೆ ತಗ್ಗಿಸಿಯೇ ಮಾತಾಡುತ್ತಾರೆ. ನಿಮ್ಮ ದನಿ ಸ್ಪೀಕರ್‌ನಲ್ಲಿ ಬಂದರೆ ಅವರ ಮೈಕಿಗೂ ಬೀಳುತ್ತದೆ, ಹಾಗಾಗಿ ಕ್ಯಾಮೆರಾಗೆ ಕಾಣದ ಕಿವಿಗೆ ಇಯರ್‌ಫೋನ್. ಕಿವಿ ಮಂದವಿದ್ದರೆ ಈ ಸರ್ಕಸ್ಸೇ ಬೇಡ. ಮನೆಯವರೊಬ್ಬರು ಲೆನ್ಸ್ ಪಕ್ಕ ಕೂತು ನಿಮ್ಮ ಪ್ರಶ್ನೆ ಕೇಳಲಿ. ಕ್ಯಾಮೆರಾದ ಎಚ್‌ಡಿಎಂಐ ಪೋರ್ಟ್‌ನಿಂದ ಕ್ಯಾಪ್ಚರ್ ಕಾರ್ಡ್ (ಕ್ಯಾಮೆರಾದ ಚಿತ್ರವನ್ನು ಲ್ಯಾಪ್‌ಟಾಪ್‌ಗೆ ದಾಟಿಸುವ ಸಾಧನ) ಮೂಲಕ ಲ್ಯಾಪ್‌ಟಾಪ್‌ಗೆ ಕೊಟ್ಟರೆ ನಿಮಗೂ ಅದೇ ಫ್ರೇಮ್ ಕಾಣುತ್ತದೆ. ಕಾಲ್‌ನಲ್ಲಿ ದನಿ ತಡವಾಗಿ ಬರುವುದರಿಂದ ಉತ್ತರ ಮುಗಿಯಿತು ಅನ್ನಿಸಿದ ಮೇಲೂ ಮನಸ್ಸಲ್ಲಿ ಮೂರು ಎಣಿಸಿ. ‘ಹ್ಞೂಂ’ಗುಟ್ಟಬೇಡಿ, ತಲೆ ಆಡಿಸಿ ಸಾಕು.

ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಸೆಕೆಂಡ್. ನಮ್ಮ ಕರೆಂಟು 50 ಹರ್ಟ್ಸ್; 1/60 ಇಟ್ಟರೆ ಟ್ಯೂಬ್‌ಲೈಟ್ ಮಿಣುಕುವುದು ವಿಡಿಯೊದಲ್ಲಿ ಬರಬಹುದು. ಆಡಿಯೊ 48 ಕಿಲೋಹರ್ಟ್ಸ್, ಮಾತು ಏರಿದಾಗ ಆಡಿಯೊ ಮೀಟರ್ ಮೈನಸ್ 12 ಡೆಸಿಬೆಲ್ ಆಸುಪಾಸು. ಫ್ಯಾನ್, ಫ್ರಿಜ್ ಆಫ್. (ಗಾಡಿ ಕೀಯನ್ನು ಫ್ರಿಜ್ ಒಳಗೇ ಇಡಲು ಹೇಳಿ, ಆನ್ ಮಾಡದೆ ಹೊರಡುವ ಪ್ರಶ್ನೆಯೇ ಇಲ್ಲ.) ಗಾಣ ತಿರುಗುವಾಗ ಸಂದರ್ಶನ ಬೇಡವೇ ಬೇಡ. ಗಾಣ, ಕೊಪ್ಪರಿಗೆ, ಪಾಕ ಅಚ್ಚಿಗೆ ಸುರಿಯುವುದು ಇವನ್ನೆಲ್ಲ ಆಮೇಲೆ ಬೇರೆಯಾಗಿ ತೆಗೆಯಲಿ. ಕೊಪ್ಪರಿಗೆಯ ಹಬೆಗೆ ಗಾಜು ಮಂಜಾಗುತ್ತದೆ, ಪಾಕ ಸಿಡಿದರೆ ಅಂಟುತ್ತದೆ. ಲೆನ್ಸ್ ಕಾಪಾಡಲು ಮುಂದೆ ಒಂದು ಯುವಿ ಫಿಲ್ಟರ್ ಗಾಜು ಇರಲಿ.

4ಕೆ ವಿಡಿಯೊ 100 ಎಂಬಿಪಿಎಸ್‌ನಲ್ಲಿ (ಸೆಕೆಂಡಿಗೆ 100 ಮೆಗಾಬಿಟ್) ಗಂಟೆಗೆ 45 ಜಿಬಿ. ಎರಡು ಕ್ಯಾಮೆರಾಗೆ 90. 20 ಎಂಬಿಪಿಎಸ್ ಅಪ್‌ಲೋಡ್ ಇದ್ದರೂ ಹತ್ತು ಗಂಟೆ ಬೇಕು, ಅದಕ್ಕಿಂತ ಹಾರ್ಡ್‌ಡಿಸ್ಕ್ ಕೊರಿಯರ್ ಮಾಡಿಸುವುದೇ ಸಲೀಸು. ಡಿಸ್ಕ್ ಎಕ್ಸ್‌ಫ್ಯಾಟ್ ಫಾರ್ಮ್ಯಾಟ್‌ನಲ್ಲಿರಲಿ, ವಿಂಡೋಸ್, ಮ್ಯಾಕ್ ಎರಡರಲ್ಲೂ ತೆರೆಯುತ್ತದೆ. ಜಾಗ ಬಿಡುವ ಮೊದಲೇ ಎರಡು ಡಿಸ್ಕ್‌ಗೆ ಕಾಪಿ ಆಗಬೇಕು. ನೀವು ಹೇಳುವತನಕ ಕಾರ್ಡ್ ಫಾರ್ಮ್ಯಾಟ್ ಮಾಡುವಂತಿಲ್ಲ. ಎಡಿಟ್ ಮಾಡದ ಮೂಲ ಫೈಲೆಲ್ಲ ನಿಮಗೇ ಸೇರಬೇಕು ಅನ್ನುವುದು ವಾಟ್ಸಾಪ್‌ನಲ್ಲಾದರೂ ಬರಹದಲ್ಲಿರಲಿ. ಅರ್ಧ ದುಡ್ಡು ಅಡ್ವಾನ್ಸ್ ಕೊಡಿ, ಉಳಿದರ್ಧ ಫೈಲ್ ತೆರೆದು ಮಾತು ಕೇಳಿದ ಮೇಲೆ.